ಅಮ್ಮ ಎದ್ದು ಹೋಗದ ಭಾನುವಾರಗಳು

ಚರ್ಚಿನಲ್ಲಿ ನಾನು ಪರಮಪ್ರಸಾದ ತೆಗೆದುಕೊಂಡು ಬೆಂಚಿಗೆ ವಾಪಸು ಬಂದ ಕೂಡಲೇ ಅಮ್ಮ ನನ್ನ ತಲೆಯನ್ನು ಎಳೆದು ತನ್ನ ಎದೆಗೆ ಒತ್ತಿಕೊಳ್ಳುತ್ತಿದ್ದಳು. ಮೆತ್ತಗೆ ಅಂದುಕೊಳ್ಳಬೇಡಿ, ಹೇರ್‌ಪಿನ್ ನೆತ್ತಿಗೆ ಚುಚ್ಚುವ ಹಾಗೆ. “ಬಿಡಮ್ಮಾ, ಜಡೆ ಬಿಚ್ಚೋಗುತ್ತೆ” ಅಂದರೆ, “ಶ್! ಮಾತಾಡಬೇಡ ಕಣೇ. ಈಗ ಯೇಸುಸ್ವಾಮಿ ನಿನ್ನೊಳಗೆ ಇದಾರೆ. ಸ್ವಲ್ಪ ಹೊತ್ತು ಹೀಗೇ ಇರು” ಅನ್ನುತ್ತಿದ್ದಳು. ನನಗಾಗ ಎಂಟು ತುಂಬಿ ಒಂಬತ್ತು. ಅದೆಲ್ಲ ನನ್ನ ಮೇಲಿನ ಮುದ್ದು ಅಂತಲೇ ನಾನು ತಿಳಿದಿದ್ದೆ. ಅಮ್ಮನಿಗೆ ಬೇಕಾಗಿದ್ದದ್ದು ನಾನಲ್ಲ, ನಾನು ಆಗಷ್ಟೇ ನುಂಗಿದ ಆ ತೆಳ್ಳನೆಯ ಬಿಳಿ ರೊಟ್ಟಿಯ ಬಿಲ್ಲೆ ಅನ್ನುವುದು ಗೊತ್ತಾಗಲು ಒಂದು ವರ್ಷ ಹಿಡಿಯಿತು.

ಎಲ್ಲರೂ ಎದ್ದು ಸಾಲಾಗಿ ಬಲಿಪೀಠದ ಕಡೆ ನಡೆಯುವಾಗ ಅಮ್ಮ ಮಾತ್ರ ಏಳುತ್ತಿರಲಿಲ್ಲ. ಪಕ್ಕದವರಿಗೆ ದಾರಿ ಬಿಡಲು ಕಾಲು ಓರೆ ಮಾಡಿ, ತಲೆ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ಕೂತುಬಿಡುತ್ತಿದ್ದಳು. ಅಪ್ಪ ಹಿಂದೂ. ಅಮ್ಮ ಅವರನ್ನು ಮೆಚ್ಚಿ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದವಳು. ಚರ್ಚಿನ ಪ್ರಕಾರ ಅದು ಮದುವೆಯೇ ಅಲ್ಲ. ಹಾಗಾಗಿ ಅವಳು ಪೂಜೆಗೆ ಬರಬಹುದು, ಹಾಡಬಹುದು, ಮೊಣಕಾಲೂರಬಹುದು, ಆದರೆ ಪ್ರಸಾದ ಮಾತ್ರ ತೆಗೆದುಕೊಳ್ಳುವಂತಿಲ್ಲ. ಹಬ್ಬದ ಊಟಕ್ಕೆ ಕರೆದು ಎಲೆ ಹಾಕದೆ ಕೂರಿಸಿದ ಹಾಗೆ ಅಂತ ಈಗಲೂ ನನಗೆ ಸಿಟ್ಟು ಬರುತ್ತದೆ. ಅಮ್ಮನಿಗೆ ಸಿಟ್ಟಿರಲಿಲ್ಲ. ಆಸೆ ಇತ್ತು, ಅಷ್ಟೇ.

ನಮ್ಮ ಮನೆ ಬಾಪೂಜಿ ನಗರದ ಒಂದು ವಠಾರದಲ್ಲಿತ್ತು. ಅಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷೀನಿನ ಕೆಲಸಕ್ಕೆ ಹೋಗುತ್ತಿದ್ದರು. ಭಾನುವಾರ ಬೆಳಿಗ್ಗೆ ನನ್ನನ್ನು ಸೈಕಲ್ಲಿನ ಮುಂದಿನ ಬಾರ್ ಮೇಲೆ, ಅಮ್ಮನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಏರಿನಲ್ಲಿ ಏದುಸಿರು ಬಿಡುತ್ತಾ ತುಳಿಯುತ್ತಿದ್ದರು. ಚರ್ಚಿನ ಗೇಟು ಬಂತೋ, ನಮ್ಮನ್ನು ಇಳಿಸಿ, ರಸ್ತೆಯಾಚೆ ಹೊಂಗೆ ಮರದ ಕೆಳಗೆ ಪೇಪರ್ ಬಿಡಿಸಿಕೊಂಡು ನಿಂತುಬಿಡುತ್ತಿದ್ದರು. ಮಳೆ ಬಂದರೂ ಗೇಟು ದಾಟುತ್ತಿರಲಿಲ್ಲ. ಅಮ್ಮನ ಊರಿನ ಹಳೇ ಫಾದರ್ ಹಿಂದೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರಂತೆ, ಹುಡುಗ ಜ್ಞಾನಸ್ನಾನ ತೆಗೆದುಕೊಂಡು ಹೆಸರು ಬದಲಾಯಿಸಿದರೆ ಮಾತ್ರ ಚರ್ಚಿನಲ್ಲಿ ಮದುವೆ ಅಂತ. ಅಪ್ಪ ತಮ್ಮ ತಾಯಿಗೆ ಮಾತು ಕೊಟ್ಟಿದ್ದರು, ಏನೇ ಆದರೂ ಕುಲ ಬಿಡುವುದಿಲ್ಲ ಅಂತ. ನನಗೆ ಜ್ಞಾನಸ್ನಾನ ಮಾಡಿಸುವಾಗ ಮಾತ್ರ, “ಮಗು ನಿನ್ನ ಇಷ್ಟ ಕಣೇ, ನನ್ನನ್ನ ಬಿಟ್ಬಿಡು” ಅಂದಿದ್ದರಂತೆ. ಅಮ್ಮ ಬಿಟ್ಟುಬಿಟ್ಟಳು. ಆಮೇಲೆ ಅವರಿಬ್ಬರೂ ಆ ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡರು.

ನಾನು ಮೊದಲ ಸಲ ಪ್ರಸಾದ ತೆಗೆದುಕೊಂಡ ದಿನ ಬಿಳಿ ಫ್ರಾಕಿನಲ್ಲಿ ಬೀಗುತ್ತಾ ಸೈಕಲ್ ಹತ್ತಿ, “ಅಮ್ಮಾ, ನೀನ್ಯಾಕೆ ಹೋಗಲ್ಲ?” ಅಂತ ಕೇಳಿಯೇಬಿಟ್ಟೆ. “ನನ್ನನ್ನ ಇನ್ನೂ ಕರೆದಿಲ್ಲ ಕಣೇ” ಅಂದಳು. “ನಾನು ಕರೀತೀನಿ, ಬಾ.” ಅಮ್ಮ ನಕ್ಕಳು. ಅಪ್ಪನ ಉಸಿರು ನನ್ನ ಕಿವಿಯ ಹತ್ತಿರವೇ ಇತ್ತು. ಅದು ಒಂದು ಕ್ಷಣ ನಿಂತದ್ದು ನನಗೆ ಕೇಳಿಸಿತು.

ಪಾಸ್ಕ ಹಬ್ಬ, ಅಂದರೆ ಈಸ್ಟರ್, ಮುಗಿದ ಮೇಲೆ ಫಾದರ್ ಮನೆಮನೆಗೆ ಬಂದು ತೀರ್ಥ ಚಿಮುಕಿಸಿ ಆಶೀರ್ವದಿಸುವುದು ನಮ್ಮಲ್ಲಿ ವಾಡಿಕೆ. ಅವರು ಬರುವ ಸುದ್ದಿ ಸಿಕ್ಕಿದರೆ ಸಾಕು, ಪ್ರತಿ ವರ್ಷ ಅಪ್ಪನಿಗೆ ಮೈಸೂರು ರಸ್ತೆಯಲ್ಲಿ ಏನೋ ತುರ್ತು ಕೆಲಸ! ಆ ನೀರು ಮೈಮೇಲೆ ಬಿದ್ದರೆ ತಾನೂ ಕ್ರೈಸ್ತನಾಗಿಬಿಡುತ್ತೇನೆ, ತಾಯಿಗೆ ಕೊಟ್ಟ ಮಾತು ಮುರಿಯುತ್ತದೆ ಅಂತ ಅವರ ಗಟ್ಟಿ ನಂಬಿಕೆ. ಆ ವರ್ಷ ನಮ್ಮ ಚರ್ಚಿಗೆ ಹೊಸದಾಗಿ ಬಂದಿದ್ದ, ದಪ್ಪ ಕನ್ನಡಕದ ಗಿಡ್ಡ ಫಾದರ್ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದುಬಿಟ್ಟರು. ಅಪ್ಪನಿಗೆ ಓಡಲು ದಾರಿಯಿಲ್ಲ. ಟವಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ನುಗ್ಗಿ ಬಾಗಿಲು ಮುಂದೆ ಮಾಡಿಕೊಂಡರು.

ಫಾದರ್ ನಡುಮನೆಗೆ ಚಿಮುಕಿಸಿದರು, ಅಡುಗೆಮನೆಗೆ ಚಿಮುಕಿಸಿದರು. “ಸಾಕು ಫಾದರ್, ಕಾಫಿ ತಗೊಳ್ಳಿ” ಅಂತ ಅಮ್ಮ ಅಡ್ಡ ನಿಂತಳು. “ಇರಮ್ಮಾ, ಬಚ್ಚಲೂ ಮನೇದೇ ಅಲ್ವಾ?” ಅಂತ ಅವರು ಬಾಗಿಲು ತಳ್ಳಿ ಕೈ ಬೀಸಿಯೇಬಿಟ್ಟರು. ಹಂಡೆಯ ಪಕ್ಕ ಗೋಡೆಗೆ ಅಂಟಿಕೊಂಡು ನಿಂತಿದ್ದ ಅಪ್ಪನ ಮುಖದ ಮೇಲೆ ಪೂರ್ತಿ ತೀರ್ಥ. ಕನ್ನಡಕ ಸರಿಮಾಡಿಕೊಂಡು ಫಾದರ್ ನೋಡುತ್ತಾರೆ, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಾ ಇಷ್ಟೆತ್ತರದ ಗಂಡಸು!

“ಹೋಯ್ತಾ ಸ್ವಾಮಿ? ನಾನೂ ನಿಮ್ಮೋನಾಗ್ಬಿಟ್ನಾ?” ಅಂತ ಅಪ್ಪ ಕೇಳಿದರು.

“ಅಷ್ಟು ಸುಲಭವಾಗಿದ್ರೆ ನಾನು ರಸ್ತೇಲಿ ಪೈಪ್ ಹಿಡ್ಕೊಂಡು ನಿಂತ್ಕೋತಿದ್ದೆ ಕಣ್ರೀ” ಅಂದರು ಫಾದರ್. ನಾನು ಬಿದ್ದು ಬಿದ್ದು ನಕ್ಕೆ. ಅಮ್ಮ ನನ್ನ ತೊಡೆ ಚಿವುಟಿದಳು.

ಕಾಫಿ ಕುಡಿಯುತ್ತಾ ಅವರು ಒಂದೊಂದಾಗಿ ಕೇಳಿದರು. ಅಪ್ಪ ತಲೆ ತಗ್ಗಿಸಿ ಹೇಳಿದರು. ಅಮ್ಮ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದಳು. ಎಲ್ಲಾ ಕೇಳಿದ ಮೇಲೆ ಫಾದರ್ ಲೋಟ ಕೆಳಗಿಟ್ಟರು. “ನಿಮ್ಮನ್ನ ಹೆಸರು ಬದಲಾಯಿಸಿ ಅಂತ ಈಗ ಯಾರು ಕೇಳ್ತಾ ಇದಾರೆ? ನೀವು ನೀವಾಗೇ ಇರಿ. ಬಿಷಪ್‌ರ ಹತ್ರ ಅನುಮತಿ ತರಿಸ್ತೀನಿ. ಒಂದಿನ ಬಂದು ಚರ್ಚಲ್ಲಿ ಇವರ ಕೈ ಹಿಡೀರಿ, ಸಾಕು.”

ಅಪ್ಪ ತಿರುಗಿ ಅಮ್ಮನನ್ನು ನೋಡಿದರು. “ಇಷ್ಟೇನಾ? ಹನ್ನೊಂದು ವರ್ಷದಲ್ಲಿ ಒಂದ್ಸಲ ಹೋಗಿ ಕೇಳಬಾರದಾಗಿತ್ತೇನೇ?”

“ಕೇಳಿದ್ರೆ, ಅವರು ಆಗಲ್ಲ ಅಂದ್ರೆ, ನೀವು ನನಗೋಸ್ಕರ ನಿಮ್ಮಮ್ಮನ ಮಾತು ಮುರಿದ್ಬಿಡ್ತೀರಿ ಅಂತ ಹೆದರಿಕೆ ಆಯ್ತು ಕಣ್ರೀ” ಅಂದಳು ಅಮ್ಮ. ಅಪ್ಪನ ಕಣ್ಣು ತುಂಬಿಕೊಂಡಿತು. ತೀರ್ಥದ ನೀರು ಇನ್ನೂ ಒಣಗಿಲ್ಲವೇನೋ ಅನ್ನುವ ಹಾಗೆ ಟವಲಿನಿಂದ ಮುಖ ಉಜ್ಜಿ ಉಜ್ಜಿ ಒರೆಸಿಕೊಂಡರು.

ಕಾಗದ ಬರಲು ಮಳೆಗಾಲ ಕಳೆಯಬೇಕಾಯಿತು. ಅಷ್ಟರಲ್ಲಿ ಅಮ್ಮನಿಗೆ ಹೊಸ ಚಿಂತೆ. ಅವಳು ಹುಡುಗಿಯಾಗಿದ್ದಾಗ ಪೂಜೆಯೆಲ್ಲ ಲ್ಯಾಟಿನ್ನಿನಲ್ಲಿ. ಆಗ ಮೊಣಕಾಲೂರಿ ಬಾಯಿ ತೆರೆದರಾಯಿತು, ಮಿಕ್ಕದ್ದೆಲ್ಲ ಪಾದ್ರಿಗಳೇ ಹೇಳಿಕೊಳ್ಳುತ್ತಿದ್ದರು. ಈಗ ಎಲ್ಲ ಕನ್ನಡ, ಪ್ರಸಾದ ತೆಗೆದುಕೊಳ್ಳುವಾಗ ಉತ್ತರ ಬೇರೆ ಕೊಡಬೇಕು. ಬೆಂಚಿನ ಮೇಲೆ ಕೂತು ಕೇಳಿದ್ದಳೇ ಹೊರತು ಬಾಯಿಂದ ಹೇಳಿದವಳಲ್ಲ. ಸ್ಕೂಲಿಂದ ಬಂದ ಮೇಲೆ ನಾನೇ ಅವಳಿಗೆ ಮೇಷ್ಟ್ರು. ಹಪ್ಪಳದ ಚೂರು ಎತ್ತಿ ಹಿಡಿದು, “ಕ್ರಿಸ್ತರ ಶರೀರ” ಅನ್ನುತ್ತಿದ್ದೆ. ಅವಳು “ಆಮೆನ್” ಅನ್ನಬೇಕು. “ಗಟ್ಟಿಯಾಗಿ ಹೇಳಮ್ಮಾ, ಫಾದರ್‌ಗೆ ಕಿವಿ ಕೇಳಿಸಲ್ಲ” ಅಂತ ಗದರಿದರೆ, “ಹಪ್ಪಳ ಹಿಡ್ಕೊಂಡು ಆಟ ಆಡಬಾರದು ಕಣೇ, ಪಾಪ” ಅನ್ನುತ್ತಲೇ ಬಾಯಿ ತೆರೆಯುತ್ತಿದ್ದಳು.

ಚರ್ಚಿನ ಮದುವೆಯ ದಿನ ಬೆಳಿಗ್ಗೆ ಅಮ್ಮ ಹನಿ ನೀರೂ ಕುಡಿಯಲಿಲ್ಲ. ಪ್ರಸಾದಕ್ಕೆ ಒಂದು ಗಂಟೆ ಮುಂಚೆ ಏನೂ ತಿನ್ನದಿದ್ದರೆ ಸಾಕು ಅಂತ ಕಾನೂನು ಸಡಿಲವಾಗಿತ್ತು. ಅವಳದ್ದು ಹಳೇ ಲೆಕ್ಕ, ಹಿಂದಿನ ರಾತ್ರಿಯಿಂದಲೇ ಉಪವಾಸ. “ಒಂದು ಗುಟುಕು ಕಾಫಿ ಕುಡಿಯೇ, ತಲೆ ತಿರುಗಿ ಬಿದ್ದೀಯ” ಅಂತ ಅಪ್ಪ ಗೋಗರೆದರು. “ಹನ್ನೊಂದು ವರ್ಷ ಹಸಿದಿದೀನಿ ರೀ, ಇನ್ನೊಂದು ಗಂಟೇಲಿ ಏನೂ ಸಾಯಲ್ಲ” ಅಂದಳು.

ಅಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲಿ ಗೇಟು ದಾಟಿದರು. ಸೈಕಲ್ ಒಂದೇ ಹೊಂಗೆ ಮರದ ಕೆಳಗೆ ನಿಂತಿತು. ಅಮ್ಮ ಪಾಪನಿವೇದನೆಗೆ ಮೊಣಕಾಲೂರಿದವಳು ಎಷ್ಟು ಹೊತ್ತಾದರೂ ಏಳಲಿಲ್ಲ. “ಅಷ್ಟೊಂದು ಏನ್ ಮಾಡಿದಾಳೆ ಇವಳು?” ಅಂತ ಅಪ್ಪ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಮದುವೆ ಹತ್ತು ನಿಮಿಷದಲ್ಲಿ ಮುಗಿಯಿತು. ಕೊರಳಲ್ಲಿದ್ದ ಹಳೇ ತಾಳಿಗೇ ಫಾದರ್ ತೀರ್ಥ ಚಿಮುಕಿಸಿದರು. ಈ ಸಲ ಅಪ್ಪ ಓಡಲಿಲ್ಲ, ತಾವೇ ತಲೆ ಬಗ್ಗಿಸಿದರು. ಆಮೇಲೆ ದಿನದ ಪೂಜೆ ಶುರುವಾಯಿತು.

ಪ್ರಸಾದದ ಹೊತ್ತಿಗೆ ಅಮ್ಮ ಎದ್ದಳು. ನಾನು ಅವಳ ಹಿಂದೆ. “ಕ್ರಿಸ್ತರ ಶರೀರ.” ಅಷ್ಟೆಲ್ಲ ಅಭ್ಯಾಸ ಮಾಡಿಸಿದ್ದೆನಲ್ಲ, ಆಮೆನ್ ಬಾಯಿಂದ ಹೊರಡಲೇ ಇಲ್ಲ. ಬರೀ ಅಳು. ಫಾದರ್ ಕಾದರು. ಕೊನೆಗೆ ಹಿಂದಿನಿಂದ ನಾನೇ “ಆಮೆನ್” ಅಂದೆ. ಅವಳು ಬಾಯಿ ತೆರೆದಳು.

ಬೆಂಚಿಗೆ ವಾಪಸು ಬಂದು ಅಭ್ಯಾಸದಂತೆ ನಾನು ಅಮ್ಮನ ಕಡೆ ತಲೆ ವಾಲಿಸಿದೆ. ಅವಳು ಕಣ್ಣು ಮುಚ್ಚಿ, ಎರಡೂ ಕೈ ತನ್ನ ಎದೆಗೇ ಒತ್ತಿಕೊಂಡು ಕೂತಿದ್ದಳು. ಕಾದೆ. ಹೇರ್‌ಪಿನ್ ಚುಚ್ಚಲಿ ಅಂತ ಕಾದೆ. ಅವಳು ಎಳೆದುಕೊಳ್ಳಲಿಲ್ಲ. ಮುಂದಿನ ಭಾನುವಾರವೂ ಇಲ್ಲ, ಅದರ ಮುಂದಿನದೂ ಇಲ್ಲ. ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಒಂಬತ್ತು ವರ್ಷದವಳಿಗೆ ದೇವರ ಮೇಲೆ ಎಂಥ ಹೊಟ್ಟೆಕಿಚ್ಚು ಬರಬಹುದು ಅಂತ ನನ್ನನ್ನು ಕೇಳಿ.

ಈಗ ಅಮ್ಮನೂ ಇಲ್ಲ, ಅಪ್ಪನೂ ಇಲ್ಲ. ನನಗೇ ತಲೆ ನರೆತಿದೆ. ಪ್ರತಿ ಭಾನುವಾರ ಪ್ರಸಾದ ತೆಗೆದುಕೊಂಡು ಬಂದು ಕೂತಾಗ ನನ್ನ ತಲೆ ತಾನಾಗಿ ಎಡಕ್ಕೆ ಸ್ವಲ್ಪ ವಾಲುತ್ತದೆ. ಪಕ್ಕದಲ್ಲಿ ಕೂತವರು ಏನಂದುಕೊಳ್ಳುತ್ತಾರೋ ಏನೋ. ಅಂದುಕೊಳ್ಳಲಿ ಬಿಡಿ.