ಹೊಳೆಗೆ ಬಳೆ, ಕಂಬಕ್ಕೆ ಗಾಜು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷವಾಗಿತ್ತು. ಕಾಫಿ ಕೊಯ್ಲಿನ ಕಾಲ. ಬೆಳಿಗ್ಗೆ ಅಕ್ಕಿರೊಟ್ಟಿ ತಟ್ಟುತ್ತಿದ್ದೆ, ಭೂಮಿ ಗಡಗಡ ನಡುಗಿತು. ಅದೇ ಗಾಬರಿಗೋ ಏನೋ, ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳು ಗೌರಿಗೆ ನೋವು ಹತ್ತಿತು. ಸೂಲಗಿತ್ತಿ ಮುಟ್ಟಿ ನೋಡಿ, "ಮಗು ಅಡ್ಡ ತಿರುಗ್ಯದೆ, ಮಡಿಕೇರಿ ಆಸ್ಪತ್ರೆಗೆ ಸಾಗ್ಸಿ" ಎಂದಳು.

ಗಾಡಿ ಕಟ್ಟಿಕೊಂಡು ಮಾದಾಪುರದ ಕಡೆ ಬಂದರೆ, ಹೊಸ ಸೇತುವೆಗೆ ಅಡ್ಡ ಬಿದಿರು ಕಟ್ಟಿದ್ದಾರೆ! ಆ ಸೇತುವೆಯ ಕಂಬ ಇಲ್ಲಿ ಕಟ್ಟಿದ್ದಲ್ಲ. ಎಲ್ಲೋ ಎರಕ ಹುಯ್ದ ಕಾಂಕ್ರೀಟ್ ತುಂಡುಗಳನ್ನು ಲಾರಿಯಲ್ಲಿ ತಂದು ಒಂದರ ಮೇಲೊಂದು ಕೂರಿಸಿದ್ದು.

"ಭೂಮಿ ಅಲ್ಲಾಡ್ಯದೆ. ಸಾಹೇಬ್ರು ಕಂಬ ನೋಡೋಗಂಟ ಯಾರ್ನೂ ಬಿಡಂಗಿಲ್ಲ" ಎಂದ ಕಾವಲಿನವನು.

ನಮ್ಮಲ್ಲಿ ಬಸುರಿ ಹೊಳೆ ದಾಟುವ ಮೊದಲು ಹೊಳೆಗೆ ಬಳೆ, ಅರಿಶಿನ ಬಿಡಬೇಕು. ಬೇರೇನೂ ತೋಚದೆ ಅದನ್ನೇ ಹಿಡಿದು ನೀರಿಗಿಳಿದೆ. ನೋಡಿದರೆ, ಪ್ಯಾಂಟು ಮಡಚಿಕೊಂಡ ಇಂಜಿನಿಯರು ಕಂಬದ ಸಂದುಗಳ ಮೇಲೆ ಗಾಜಿನ ಚೂರು ಅಂಟಿಸುತ್ತಿದ್ದಾರೆ!

"ಏನ್ ಸ್ವಾಮಿ, ನಿಮ್ಮನೇಲೂ ಬಸುರಿ ಇದ್ದಾಳಾ?"

ಅವರು ಕಣ್ಣು ಕಣ್ಣು ಬಿಟ್ಟರು. "ನನಗಿನ್ನೂ ಮದುವೇನೇ ಆಗಿಲ್ಲವಲ್ಲಮ್ಮ!"

"ಮತ್ತೆ ಹೊಳೆಗೆ ಗಾಜು ಕೊಡ್ತಿದ್ದೀರಿ?"

ಅವರಿಗೆ ನಗು. "ಹರಕೆ ಅಲ್ಲಮ್ಮ ಇದು. ಮೇಲೆ ಭಾರ ಹೋದಾಗ ಸಂದು ಅಲುಗಾಡಿದ್ರೆ ಗಾಜು ಬಿರುಕು ಬಿಡುತ್ತೆ. ಅದಿರಲಿ, ಯಾರು ಬಸುರಿ?"

ಮೇಲಿನ ಗಾಡಿ ತೋರಿಸಿದೆ. ಗೌರಿ ಚೀರಿದ್ದು ಕೇಳಿಸಿತು. ಅವರ ನಗು ನಿಂತಿತು.

ನಾನು ಬಳೆ, ಅರಿಶಿನ ಹೊಳೆಗೆ ಬಿಟ್ಟೆ. ಅಂಟು ಒಣಗಿದ್ದೇ, ಬೇರೆ ಯಾರನ್ನೂ ಹತ್ತಿಸದೆ ತಾವೊಬ್ಬರೇ ಜೀಪನ್ನು ಆಚೆಗೆ ಹೊಡೆದುಕೊಂಡು ಹೋಗಿ ಈಚೆಗೆ ಬಂದರು. ಮತ್ತೆ ನೀರಿಗಿಳಿದು ಒಂದೊಂದೇ ಗಾಜಿಗೆ ಕಣ್ಣಿಟ್ಟು ನೋಡಿದರು. ಹಿಂದೆಯೇ ನಾನೂ ನೋಡಿದೆ. ಏನು ನೋಡಬೇಕೆಂದೇ ನನಗೆ ಗೊತ್ತಿರಲಿಲ್ಲ!

"ಒಂದೂ ಬಿರಿದಿಲ್ಲ. ಮಗಳನ್ನ ಜೀಪಿಗೆ ಹತ್ತಿಸಿ!"

ಸೇತುವೆ ಮೇಲೆ ನಾನು "ನಿಧಾನ ಸ್ವಾಮಿ, ನಿಧಾನ" ಎಂದೆ. ಆಚೆ ಮುಟ್ಟಿದ್ದೇ "ಬಿರ್ನೆ ಸ್ವಾಮಿ, ಬಿರ್ನೆ" ಎಂದೆ.

"ಯಾವುದಾದ್ರೂ ಒಂದು ಹೇಳಮ್ಮ!" ಎಂದರು.

ಸಂಜೆಗೆ ಆಸ್ಪತ್ರೆಯಲ್ಲಿ ಮೊಮ್ಮಗಳು ಹುಟ್ಟಿದಳು. ಅಯ್ಯೋ, ಆ ಮುಖವನ್ನು ನೀವು ನೋಡಬೇಕಿತ್ತು! ತಾಯಿ ಮಗು ಇಬ್ಬರೂ ಕ್ಷೇಮ. ಹೊರಗೆ ಬಂದು ಹೇಳೋಣವೆಂದರೆ ಜೀಪು ಹೊರಟುಹೋಗಿತ್ತು. ಹೆಸರು ಕೂಡ ಕೇಳಿರಲಿಲ್ಲ.

ನಮ್ಮನ್ನು ದಾಟಿಸಿದ್ದು ನನ್ನ ಬಳೆಯೋ, ಅವರ ಗಾಜೋ, ಇವತ್ತಿಗೂ ತಿಳಿಯದು. ಅದಕ್ಕೇ ಮೊಮ್ಮಗಳನ್ನು ಕಂಕುಳಲ್ಲಿಟ್ಟುಕೊಂಡು ದಾಟುವಾಗೆಲ್ಲ ಹೊಳೆಗೂ ಕೈ ಮುಗಿಯುತ್ತೇನೆ, ಕಂಬಕ್ಕೂ ಮುಗಿಯುತ್ತೇನೆ. ಆ ಇಂಜಿನಿಯರ್ ಹುಡುಗನಿಗೆ ಮದುವೆಯಾಯಿತೋ ಇಲ್ಲವೋ. ಅವನ ಹೆಂಡತಿ ಬಸುರಿಯಾಗಿ ಹೊಳೆ ದಾಟುವ ದಿನ ಬಂದರೆ, ಬಳೆ ನನ್ನದು.