ಕಾರು ನಿಲ್ಲದ ಕಡೆಯ ಕಂಬಗಳು

ಪುಣೆ ಪಕ್ಕದ ಚಿಂಚವಾಡದಲ್ಲಿರುವ ನಮ್ಮ ಸೊಸೈಟಿಯ ಕಟ್ಟಡ ಎಲ್ ಅಕ್ಷರದ ಆಕಾರದ್ದು. ಕೆಳಗೆ ಗೋಡೆಗಳೇ ಇಲ್ಲ, ಬರೀ ಕಂಬ. ಒಂದು ರೆಕ್ಕೆಯ ಕೆಳಗೆ ಕಾರುಗಳು ನಿಲ್ಲುತ್ತವೆ, ಇನ್ನೊಂದರ ಕೆಳಗೆ ಮಕ್ಕಳು ಆಡುತ್ತಾರೆ. ನೆಲ ಅಲುಗಿದರೆ ಇಂಥ ಕಟ್ಟಡ ತಿರುಚಿಕೊಳ್ಳುತ್ತದೆ. ಕಟ್ಟಡಗಳ ಬಲ ಲೆಕ್ಕ ಹಾಕುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಕಮಿಟಿಯವರು ನನ್ನನ್ನೇ ಕೇಳಿದರು. ಪುಕ್ಕಟೆ ಸಲಹೆ ಯಾರಿಗೆ ಬೇಡ? ಎಲ್ಲ ಕಂಬಗಳ ಸುತ್ತಲೂ ಸರಳು ಕಟ್ಟಿ ಹೊಸ ಕಾಂಕ್ರೀಟ್ ಹಾಕಬೇಕು, ಎರಡೂ ರೆಕ್ಕೆಗಳಲ್ಲಿ, ಎಂದು ನಕ್ಷೆ ಬರೆದು ಕೊಟ್ಟೆ.

ಸಭೆಯಲ್ಲಿ ಒಂದೂವರೆ ಗಂಟೆ ಮಾತಾಡಿದ್ದು ಕಾರಿನ ಬಾಗಿಲಿನ ಬಗ್ಗೆ. ಕಂಬ ದಪ್ಪವಾದರೆ ಬಾಗಿಲು ತೆರೆಯುವುದಿಲ್ಲವಂತೆ! ಕೊನೆಗೆ ಅಧ್ಯಕ್ಷರು ಮರಾಠಿಯಲ್ಲಿ ನಡುದಾರಿಯೊಂದನ್ನು ಹೇಳಿದರು. ಕಾರು ನಿಲ್ಲದ ಕಡೆ ಮಾತ್ರ ಕೆಲಸ ಮಾಡಿಸೋಣ, ಕಟ್ಟಡ ಅರ್ಧವಾದರೂ ಗಟ್ಟಿಯಾಗುತ್ತದಲ್ಲ ಎಂದರು. ಎಲ್ಲರೂ ತಲೆಯಾಡಿಸಿದರು.

ನನ್ನ ಮೈಯೆಲ್ಲ ಉರಿದುಹೋಯಿತು. ಒಂದು ಕಡೆ ಬಿಗಿ ಮಾಡಿ ಇನ್ನೊಂದು ಕಡೆ ಸಡಿಲ ಬಿಟ್ಟರೆ ಕಟ್ಟಡ ಮೊದಲಿಗಿಂತ ಹೆಚ್ಚು ತಿರುಚಿಕೊಳ್ಳುತ್ತದೆ, ಇದಕ್ಕಿಂತ ಏನೂ ಮಾಡದಿರುವುದೇ ವಾಸಿ ಎಂದು ಮೇಜು ಕುಟ್ಟಿ ಹೇಳಿದೆ. ಎಲ್ಲಕ್ಕಿಂತ ಜೋರಾಗಿ ಓಲಾಡುವುದು ಕಾರುಗಳ ಕಡೆಯ ತುದಿ, ಅಲ್ಲಿ ತಗಡು ಮರೆಮಾಡಿದ ಖೋಲಿಯಲ್ಲಿ ಕಾವಲುಗಾರನ ಸಂಸಾರ ಮಲಗುತ್ತದೆ ಎಂದೂ ಹೇಳಿದೆ. ಒಬ್ಬರು ತಣ್ಣಗೆ ಕೇಳಿದರು, ನಿಮ್ಮ ಕಾರೂ ಅಲ್ಲೇ ನಿಲ್ಲುತ್ತದೆ, ನಾಳೆಯಿಂದ ರಸ್ತೆಯಲ್ಲಿ ನಿಲ್ಲಿಸುತ್ತೀರಾ ಅಂತ. ನೋಡೋಣ ಎಂದೆ. ಆ ಒಂದು ಮಾತಿಗೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಕೆಲಸ ಸರಿಯಿದೆ ಎಂಬ ಕಾಗದಕ್ಕೆ ನಾನು ಸಹಿ ಹಾಕಲಿಲ್ಲ. ಹಾಕುವವರು ಬೇರೆ ಸಿಕ್ಕರು. ದಪ್ಪಗಾದ ಕಂಬಗಳಿಗೆ ಕುಂಕುಮ ಹಚ್ಚಿದರು, ತೆಂಗಿನಕಾಯಿ ಒಡೆದರು, ಪೇಢೆ ಹಂಚಿದರು. ನಾಚಿಕೆಗೆಟ್ಟವರು.

ಕಾವಲುಗಾರನ ಹೆಂಡತಿ ನನ್ನ ಪಾಲಿನ ಪೇಢೆಯನ್ನು ಮನೆಗೇ ತಂದುಕೊಟ್ಟಳು. ಅವಳದು ಕಲಬುರಗಿ ಕಡೆಯ ಹಳ್ಳಿ. ಅಲ್ಲಿ ಒಮ್ಮೊಮ್ಮೆ ನೆಲ ಗುಡುಗಿದಾಗ ಮಕ್ಕಳನ್ನೆತ್ತಿಕೊಂಡು ಅಂಗಳಕ್ಕೆ ಓಡಿದವಳು. ಇಲ್ಲಿಗೆ ಬಂದಾಗಿನಿಂದ ಈ ಕಟ್ಟಡ ತಡೆಯುತ್ತದೆಯೇ ಎಂದು ನನ್ನನ್ನು ಕೇಳುತ್ತಲೇ ಇದ್ದಳು. ಈಗ ಮುಖದಲ್ಲಿ ನಗು. ಇನ್ನು ನಿಶ್ಚಿಂತೆ ಎಂದಳು.

ಸುಳ್ಳು ಹೇಳಲಾಗಲಿಲ್ಲ. "ತಂಗೀ, ನಿಮ್ಮ ಕಡೀ ಕಂಬ ಯಾರೂ ಮುಟ್ಟಿಲ್ಲ. ನೆಲ ಅಲುಗಿದ್ರ ಈಗ ನಿಮಗ ಮೊದಲಿಗಿಂತ ಹೆಚ್ಚು ಧೋಕಾ ಅದ," ಎಂದೆ.

ಅವಳು ನಂಬಲಿಲ್ಲ. ನಾನು ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಂಡಳು.

"ನಿಮ್ಮ ಗಾಡಿ ನಮ್ಮ ಖೋಲಿ ಮಗ್ಗಲದಾಗೇ ನಿಂತದಲ್ರಿ ಅಣ್ಣಾರ. ಖರೇನ ಧೋಕಾ ಇದ್ದಿದ್ರ ನೀವು ಅಲ್ಲಿ ನಿಲ್ಲಸ್ತಿದ್ರೇನ್ರಿ?"

ಪೇಢೆ ಕೈಯಲ್ಲೇ ಉಳಿಯಿತು. ಕೆಳಗಿಳಿದು ಹೋಗಿ ಆಗಲೇ ಕಾರನ್ನು ರಸ್ತೆಗೆ ತಂದು ನಿಲ್ಲಿಸಿದೆ. ನಾನು ಬಿಟ್ಟ ಜಾಗದಲ್ಲಿ ಮರುದಿನವೇ ಅಧ್ಯಕ್ಷರ ಎರಡನೆಯ ಕಾರು ನಿಂತಿತ್ತು.