ಬೆರಳ ತುದಿಯ ಸುಣ್ಣ

ಕೈಯೆಲ್ಲ ಗ್ರೀಸಿನಿಂದ ಕರಿ ಹಿಡಿದಿದ್ದರೂ ಅವನ ಬಲಗೈ ತೋರುಬೆರಳ ತುದಿ ಮಾತ್ರ ಸದಾ ಬೆಳ್ಳಗಿರುತ್ತಿತ್ತು. ಎಲೆಯಡಿಕೆಯ ಕವಳದ ಸುಣ್ಣ. ಹೊನ್ನಾವರದಲ್ಲಿ ಹೊಳೆ ದಾಟುವ ತಾರಿಯ ಹತ್ತಿರ ತೆಂಗಿನ ಮಡಲು ಹೊದೆಸಿದ ಶೆಡ್ಡು ಅವನದು. ನಾವು ಲಾರಿ ಡ್ರೈವರುಗಳೆಲ್ಲ ಅವನನ್ನು ಫಿಟ್ಟರಣ್ಣ ಎಂದೇ ಕರೆಯುತ್ತಿದ್ದೆವು. ನಟ್ಟು ಬಿಚ್ಚುವ ಮುಂಚೆ ಒಂದು ಕವಳ, ಬಿಚ್ಚಿದ ಮೇಲೆ ಇನ್ನೊಂದು. ಯಾರಾದರೂ ಅವಸರ ಮಾಡಿದರೆ, "ಅಷ್ಟು ಗಡಿಬಿಡಿ ಇದ್ರೆ ಲಾರಿ ಹೊತ್ಕಂಡು ಹೋಗು ಮಾರಾಯ" ಎನ್ನುತ್ತಿದ್ದ. ಬೈದಷ್ಟೇ ಪ್ರೀತಿಯಿಂದ ಚಾ ಕೂಡ ತರಿಸುತ್ತಿದ್ದ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಶರಾವತಿಗೆ ಸೇತುವೆ ಇರಲಿಲ್ಲ. ದೋಣಿಗಳಿಗೆ ಹಲಗೆ ಹಾಸಿ ಕಟ್ಟಿದ ಜಂಗಲ್ ಮೇಲೆ ಲಾರಿ ಹತ್ತಿಸಿ ಆಚೆ ದಡಕ್ಕೆ ದಾಟಿಸಬೇಕು. ಸರತಿ ಬರುವವರೆಗೆ ದಡದ ಕೆಸರಿನಲ್ಲಿ ಸಾಲಾಗಿ ಕಾಯಬೇಕು. ನಮ್ಮ ಹಳೆಯ ಡೀಸೆಲ್ ಲಾರಿಗಳ ಎಂಜಿನ್ ಒಮ್ಮೆ ನಿಲ್ಲಿಸಿದರೆ ತಳ್ಳದೆ ಮತ್ತೆ ಹೊರಡುತ್ತಿರಲಿಲ್ಲ. ಕುಮಟೆಯಿಂದ ಉಪ್ಪಿನ ಮೂಟೆ ಹೇರಿಕೊಂಡು ಬಂದ ಲಾರಿಯನ್ನು ಆ ಜಾಗದಲ್ಲಿ ತಳ್ಳುವವರು ಯಾರು? ಹಾಗಾಗಿ ಎಷ್ಟು ಹೊತ್ತಾದರೂ ಎಂಜಿನ್ ಓಡುತ್ತಲೇ ಇರಬೇಕು. ಮಳೆಗಾಲದಲ್ಲಿ ಕಿಟಕಿಗೆ ತಾಡಪತ್ರೆ ಕಟ್ಟಿ ನಾವು ಒಳಗೇ ತೂಕಡಿಸುತ್ತಿದ್ದೆವು.

ಫಿಟ್ಟರಣ್ಣನ ತಮ್ಮನೂ ನಮ್ಮಂತೆ ಡ್ರೈವರು; ಒಂದು ಮಳೆಗಾಲ ಹಾಗೆ ತೂಕಡಿಸಿದವನು ಮತ್ತೆ ಏಳಲೇ ಇಲ್ಲ. ಸರತಿ ಬಂತೆಂದು ಜಂಗಲ್‌ನವರು ಬಾಗಿಲು ಬಡಿದಾಗ ಎಂಜಿನ್ ಗಡಗಡ ಅನ್ನುತ್ತಿತ್ತು, ಅವನು ಸ್ಟೇರಿಂಗ್ ಮೇಲೆ ತಲೆಯಿಟ್ಟಿದ್ದ. ಮುಖ ಕೆಂಪಗಿತ್ತು. ಆ ಕೆಂಪು ನೋಡಿ ಊರು ತೀರ್ಮಾನ ಮಾಡಿತು: ಕಳ್ಳು ಹೆಚ್ಚಾಯಿತು. ಊರ ಬಾಯಿಗೆ ಬೀಗ ಹಾಕಿದವರುಂಟೆ? ಹನಿ ಮುಟ್ಟದ ಮನುಷ್ಯ, ಕುಡಿದು ಸತ್ತವನೆನಿಸಿಕೊಂಡ. ಅವನ ಹೆಂಡತಿ ನೀರಿಗೆ ಬಾವಿಕಟ್ಟೆಗೆ ಹೋದರೆ ಉಳಿದ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಫಿಟ್ಟರಣ್ಣ ಆಕೆಯನ್ನು ತನ್ನ ಮನೆಯಲ್ಲೇ ಇಟ್ಟುಕೊಂಡ. ಅವನಿಗೂ ಬೇರೆ ಯಾರೂ ಇರಲಿಲ್ಲ.

ಬೇಸಿಗೆಯಲ್ಲಿ ಅದೇ ಲಾರಿ ನನ್ನ ಕೈಗೆ ಬಂತು. ಕಿಟಕಿ ತೆರೆದು ಓಡಿಸಿದಷ್ಟು ದಿನ ಏನೂ ಆಗಲಿಲ್ಲ. ಮಳೆ ಹಿಡಿದ ಮೇಲೆ ತಲೆಭಾರ, ವಾಕರಿಕೆ ಶುರುವಾಯಿತು. ಪಿತ್ತವೆಂದು ಮುರುಗಲ ಪಾನಕ ಕುಡಿದೆ. ರಸ್ತೆ ಬದಿಯ ಜಟಗ ದೇವರಿಗೆ ಕಾಯಿಯನ್ನೂ ಒಡೆದೆ. ಒಂದು ಮಧ್ಯಾಹ್ನ ಇನ್ನು ಆಗದು ಎನಿಸಿ, ಸಾಲಿನಲ್ಲಿದ್ದ ಲಾರಿಯಿಂದ ಇಳಿದು ತೂರಾಡುತ್ತ ಶೆಡ್ಡಿಗೆ ಹೋದೆ.

ಫಿಟ್ಟರಣ್ಣ ನನ್ನ ಮುಖ ನೋಡಿ ಸಿಟ್ಟಾದ. "ಎಂತ, ಹಗಲಲ್ಲೇ ಕುಡಿದ್ಯನ?"

"ದೇವ್ರಾಣೆ ಇಲ್ಲ ಫಿಟ್ಟರಣ್ಣ. ತಲೆ ಒಡ್ದು ಹೋಗ್ತದೆ."

ಅವನು ನನ್ನ ಗಲ್ಲ ಹಿಡಿದು ಬಾಯಿ ಮೂಸಿದ. ಮತ್ತೊಮ್ಮೆ ಮೂಸಿದ. ಆಮೇಲೆ ಹಿಡಿದ ಗಲ್ಲ ಬಿಡದೆ ನನ್ನ ಕೆಂಪೇರಿದ ಮುಖವನ್ನೇ ನೋಡುತ್ತ ನಿಂತ. "ಇದೇ ಬಣ್ಣ," ಅಂದ, "ನನ್ ತಮ್ಮಂಗೂ ಇದೇ ಬಣ್ಣ."

ಲಾರಿಯ ಹೊಗೆ ಒಳಗೆ ನುಗ್ಗುತ್ತಿದೆ ಎಂದು ಅವನಿಗೆ ಆಗಲೇ ಹೊಳೆದಿತ್ತು. ಎಲ್ಲಿಂದ ಎಂಬುದೇ ಪ್ರಶ್ನೆ. ಡೀಸೆಲ್ ಲಾರಿಯಲ್ಲಿ ಮೂಗನ್ನು ನಂಬುವ ಹಾಗಿಲ್ಲ, ಎಲ್ಲ ಕಡೆ ಅದೇ ವಾಸನೆ. ಲಾರಿಯನ್ನು ಶೆಡ್ಡಿಗೆ ತರಿಸಿ, ಎಂಜಿನ್ ಪಕ್ಕದ ಬೋಲ್ಟುಗಳನ್ನೆಲ್ಲ ಬಿಗಿ ಮಾಡಿದ. ಹಿಂಬದಿಯ ಸಂದಿಗಳಿಗೆ ಗೋಣಿ ತುರುಕಿದ. ಸೈಲೆನ್ಸರ್ ಪೈಪಿನ ಉದ್ದಕ್ಕೂ ಕೈಯಾಡಿಸಿದ, ತಣ್ಣಗಿದ್ದ ಪೈಪು ಒಳ್ಳೆಯವನಂತೆ ಸುಮ್ಮನಿತ್ತು. ಆದರೆ ಎಂಜಿನ್ ಓಡಿಸಿ ಒಳಗೆ ಕೂತರೆ ಮತ್ತೆ ತಲೆ ಸಿಡಿಯುತ್ತಿತ್ತು.

ಯೋಚಿಸುತ್ತ ಕವಳ ಕಟ್ಟಿದ. ಎಲೆಗೆ ಸುಣ್ಣ ಸವರುತ್ತಿದ್ದವನು ಸಟ್ಟನೆ ನಿಂತು ಬೆರಳ ತುದಿ ನೋಡಿಕೊಂಡ. "ಬಿಳಿ ಮೇಲೆ ಮಸಿ ಅಡಗೂದಿಲ್ಲ" ಎಂದು ಮನೆಯಿಂದ ಚಿಪ್ಪಿ ಸುಣ್ಣದ ಡಬ್ಬಿಯನ್ನೇ ತಂದ. ನಾವಿಬ್ಬರೂ ಲಾರಿಯ ಒಳಗೋಡೆ, ನೆಲ, ಸೀಟಿನ ಅಡಿ ಎಲ್ಲಕ್ಕೂ, ಹಬ್ಬಕ್ಕೆ ಮನೆ ಬಳಿದ ಹಾಗೆ, ಸುಣ್ಣ ಬಳಿದೆವು. ಒಣಗಿದ ಮೇಲೆ ನೆಲದ ಗೋಣಿಯನ್ನು ಮೊದಲಿನಂತೆ ಹಾಸಿ, ಕಿಟಕಿ ತೆರೆದಿಟ್ಟುಕೊಂಡು ಕರ್ಕಿಯವರೆಗೆ ಹೋಗಿ ಬಂದೆ. ಪಕ್ಕದಲ್ಲಿ ಅವನೂ ಕೂತಿದ್ದ.

ಶೆಡ್ಡಿಗೆ ಬಂದು ಗೋಣಿ ಎತ್ತಿದ. ಗಿಯರ್ ಪಕ್ಕದಲ್ಲಿ ನೆಲಕ್ಕೊಂದು ಮುಚ್ಚಳವಿತ್ತು. ಅದರ ಸುತ್ತ, ಮಗುವಿನ ಕಣ್ಣಿಗೆ ಕಾಡಿಗೆ ತೀಡಿದ ಹಾಗೆ, ಕಪ್ಪು ಗೆರೆ. ಉಳಿದದ್ದೆಲ್ಲ ಬೆಳ್ಳಗಿತ್ತು. ಕೆಳಗೆ ನೋಡಿದರೆ ಸರಿಯಾಗಿ ಅದರಡಿಗೇ ಪೈಪಿನ ಜೋಡಣೆ. ಮೂಟೆಯಿಂದ ಸೋರಿದ ಉಪ್ಪುನೀರು ಅದನ್ನು ತಿಂದಿತ್ತು. ಪೈಪು ಕಾದಾಗ ಬಿರುಕು ಬಾಯಿ ತೆರೆಯುತ್ತಿತ್ತು, ತಣಿದರೆ ಮುಚ್ಚಿಕೊಳ್ಳುತ್ತಿತ್ತು.

ನನಗೆ ಬದುಕಿದೆ ಎನಿಸಿತು. "ಸಿಕ್ತಲ್ಲ ಫಿಟ್ಟರಣ್ಣ!" ಎಂದು ಕೂಗಿದೆ. ಅವನು ನೆಲದ ಮೇಲೆ ಕುಕ್ಕರಿಸಿದ್ದ.

"ಈ ತೂತು ನಾನೇ ಕೊರ್ದದ್ದು" ಅಂದ. "ಅವಂಗೆ ಸೊಂಟನೋವು. ಗಿಯರ್ ಎಣ್ಣೆ ಹಾಕೂಕೆ ಕೆಸರಲ್ಲಿ ಲಾರಿ ಅಡಿಗೆ ಮಲಗೂದು ಬ್ಯಾಡ, ಕೂತಲ್ಲಿಂದ್ಲೇ ಹಾಕ್ಲಿ ಅಂದೆ."

ಬಾಯಲ್ಲಿದ್ದ ಕವಳ ಉಗುಳಿದ. ಆಮೇಲೆ ಅವನು ಕವಳ ಹಾಕಿದ್ದನ್ನು ನಾನು ಕಾಣಲಿಲ್ಲ. ಬೆರಳ ತುದಿಯೂ ಉಳಿದ ಬೆರಳುಗಳ ಹಾಗೆ ಕಪ್ಪಾಯಿತು.

ಅವನು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತೂತಿಗೆ ತಗಡು ಬೆಸೆದು, ಪೈಪು ಬದಲಿಸಿ ಮುಗಿಸಬಹುದಿತ್ತು. ತಮ್ಮ ಕುಡುಕನಾಗಿಯೇ ಉಳಿಯುತ್ತಿದ್ದ, ಅಷ್ಟೆ. ಫಿಟ್ಟರಣ್ಣ ಮೊದಲು ಮನೆಗೆ ಹೋಗಿ ತಮ್ಮನ ಹೆಂಡತಿಗೆ ಹೇಳಿದ. ಆಮೇಲೆ ತಾರಿಯಲ್ಲಿ ಭಟ್ಕಳದ, ಕುಮಟೆಯ ಡ್ರೈವರುಗಳೆಲ್ಲ ಸೇರಿದ್ದಾಗ ಲಾರಿ ತೋರಿಸಿ ಗಟ್ಟಿಯಾಗಿ ಹೇಳಿದ: "ನನ್ ತಮ್ಮ ಕುಡೀಲಿಲ್ಲ. ಅವನ್ನ ಕೊಂದದ್ದು ಈ ತೂತು. ಕೊರ್ದವ ನಾನು." ಇಂಥ ಧೈರ್ಯ ನನಗಿರುತ್ತಿತ್ತೇ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಇರುತ್ತಿರಲಿಲ್ಲ.

ಆ ಹೆಂಗಸು ಮನೆ ಬಿಟ್ಟು ಹೋಗಲಿಲ್ಲ. ಹೊತ್ತು ಹೊತ್ತಿಗೆ ಅವನಿಗೆ ಬಡಿಸುತ್ತಿದ್ದಳು. ಆದರೆ ಭಾವನೊಂದಿಗೆ ಮಾತು ನಿಲ್ಲಿಸಿದಳು. ಅವನೂ ಮಾತಾಡಿಸಲು ಹೋಗಲಿಲ್ಲ. ಮಳೆಗಾಲ ಬಂದರೆ ಕಂಬಳಿಕೊಪ್ಪೆ ಹಾಕಿಕೊಂಡು ತಾರಿಯ ಸಾಲಿನುದ್ದಕ್ಕೂ ನಡೆದು, ಪ್ರತಿ ಲಾರಿಯ ಬಾಗಿಲು ಬಡಿಯುವುದೇ ಅವನ ಕೆಲಸವಾಯಿತು. "ಕಿಟಕಿ ತೆಗಿ ಮಾರಾಯ. ನೆನದ್ರೆ ಒಣಗ್ತೆ, ಸತ್ರೆ ಏಳೂದಿಲ್ಲ." ಹೊಸಬರು ಹುಚ್ಚನೆಂದು ನಗುತ್ತಿದ್ದರು. ನಗುತ್ತಲೇ ತೆಗೆಯುತ್ತಿದ್ದರು.

ಕೆಲವು ವರ್ಷಗಳ ಮೇಲೆ ಅಂಥದೇ ಮಳೆಯಲ್ಲಿ ಜ್ವರ ಬಂದು ಅವನು ಹೋದ. ನಾನು ತಲುಪಿದಾಗ ಹೊರಗಿನ ಕೋಣೆಯಲ್ಲಿ ಮಲಗಿಸಿದ್ದರು. ಎರಚಲು ಹೆಣದ ಮೇಲೆ ಬೀಳುತ್ತದೆಂದು ಯಾರೋ ಕಿಟಕಿ ಹಾಕಿದರು. ಮೂಲೆಯಲ್ಲಿ ಕೂತಿದ್ದ ತಮ್ಮನ ಹೆಂಡತಿ ಎದ್ದು ಬಂದಳು. ಕಿಟಕಿಯ ಎರಡೂ ಬಾಗಿಲು ತೆರೆದು, ಒಳಗೆ ಹೊಡೆಯುತ್ತಿದ್ದ ಮಳೆಗೆ ಬೆನ್ನು ಕೊಟ್ಟು ಅಲ್ಲೇ ನಿಂತಳು.

"ತೆಗ್ದೇ ಇರ್ಲಿ" ಅಂದಳು. "ನಮ್ ಭಾವಂಗೆ ಮುಚ್ಚಿದ್ರೆ ಆಗೂದಿಲ್ಲ."